‘ಲಂಬ’ ಎಂದರೆ ನೆಟ್ಟಗೆ ಎಂದೇ ಅರ್ಥವೇ? – ಒಂದು ಪದ, ಹಲವು ವಿಷಯಗಳು

ಅಭ್ಯಾಸ ಬೋಧನೆಯ ಎರಡನೆಯ ವಾರ. ಚಿಂತಾಮಣಿ ತಾಲ್ಲೂಕಿನ ಒಂದು ಶಾಲೆಯ 7ನೇ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ತ್ರಿಭುಜದ ಎತ್ತರದ ಪಾಠ ಮಾಡುತ್ತಿದ್ದರು. ವೀಕ್ಷಣಾ ಪುಸ್ತಕ ಹಿಡಿದು ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪೀಠಿಕೆ ಚೆನ್ನಾಗಿತ್ತು. ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿ ಇಳಿಬಿಟ್ಟು, “ಗೋಡೆ ಕಟ್ಟುವವರು ಹೀಗೆ ಗುಂಡು ಬಿಟ್ಟು ನೋಡುತ್ತಾರಲ್ಲ, ಇದೇ ಲಂಬ” ಎಂದರು. ನಾನು ಪುಸ್ತಕದಲ್ಲಿ ‘ದೈನಂದಿನ ಜೀವನಕ್ಕೆ ಜೋಡಣೆ ಉತ್ತಮ, ಪರಿಕಲ್ಪನೆ ಸ್ಪಷ್ಟವಾಗಿದೆ’ ಎಂದು ಬರೆದೆ.

ಹತ್ತು ನಿಮಿಷದ ನಂತರ ಅವರು ಕಪ್ಪುಹಲಗೆಯ ಮೇಲೆ ಒಂದು ತ್ರಿಭುಜ ಬರೆದರು. ಅದರ ಬಿಸಿ ಬಾಹು ಅಡ್ಡಲಾಗಿರಲಿಲ್ಲ, ಓರೆಯಾಗಿತ್ತು. ‘ಎ’ ಶೃಂಗದಿಂದ ಬಿಸಿಗೆ ಲಂಬ ಎಳೆಯಲು ಒಬ್ಬ ಹುಡುಗಿಯನ್ನು ಕರೆದರು. ಅವಳು ‘ಎ’ಯಿಂದ ಅಳತೆಪಟ್ಟಿಯನ್ನು ನೆಟ್ಟಗೆ ಕೆಳಕ್ಕೆ ಹಿಡಿದು ಗೆರೆ ಎಳೆದಳು. ಗೆರೆ ಬಿಸಿಯನ್ನು ಓರೆಯಾಗಿ ಕತ್ತರಿಸಿತು. “ತಪ್ಪು, ಕೂತ್ಕೋ” ಎಂದರು ಪ್ರಶಿಕ್ಷಣಾರ್ಥಿ. ಹುಡುಗಿ ಕೂರಲಿಲ್ಲ. “ಸಾರ್, ನಮ್ಮಪ್ಪ ಗಾರೆ ಕೆಲಸಕ್ಕೇ ಹೋಗೋದು. ಗುಂಡು ಬಿಟ್ರೆ ಹಿಂಗೇ ಬರೋದು. ಅದೇ ಲಂಬ ಅಂತ ನೀವೇ ಹೇಳಿದ್ರಲ್ಲ?” ಎಂದಳು. ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ಮೂಲೆಮಟ್ಟ ಇಟ್ಟು ಸರಿಯಾದ ಗೆರೆ ಎಳೆದು ಮುಂದಕ್ಕೆ ಹೋದರು. ಅವಳು ತನ್ನ ಗೆರೆಯನ್ನು ಅಳಿಸಿ ಕುಳಿತಳು. ಆ ಪಾಠ ಮುಗಿಯುವವರೆಗೆ ಮತ್ತೆ ಕೈ ಎತ್ತಲಿಲ್ಲ.

ಅವಳ ಗೆರೆ ತಪ್ಪು, ಆದರೆ ಅವಳ ತರ್ಕ ತಪ್ಪಲ್ಲ. ಕೊಟ್ಟ ಅರ್ಥವನ್ನು ಅವಳು ನಿಷ್ಠೆಯಿಂದ ಅನ್ವಯಿಸಿದ್ದಳು. ತಪ್ಪಿದ್ದು ಅರ್ಥ ಕೊಟ್ಟವರದು. ಅದನ್ನು ‘ಸ್ಪಷ್ಟವಾಗಿದೆ’ ಎಂದು ಬರೆದ ನನ್ನದೂ ಹೌದು. ಅಂದಿನಿಂದ ‘ಲಂಬ’ ಎಂಬ ಈ ಪದ ಯಾವ ಯಾವ ವಿಷಯದಲ್ಲಿ ಏನೇನು ಹೇಳುತ್ತದೆ ಎಂದು ಗಮನಿಸುತ್ತಾ ಬಂದಿದ್ದೇನೆ. ಗಣಿತ ಬೋಧಿಸುವವರಿಗೆ ಮಾತ್ರವಲ್ಲದೆ ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೂ ಇದು ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಪದ ಬಂದ ದಾರಿ

‘ಲಂಬ್’ ಎಂಬ ಸಂಸ್ಕೃತ ಧಾತುವಿಗೆ ತೂಗು, ಜೋತಾಡು, ಇಳಿಬೀಳು ಎಂಬ ಅರ್ಥಗಳಿವೆ. ಕನ್ನಡದಲ್ಲಿ ನಾವು ದಿನವೂ ಬಳಸುವ ಹಲವು ಪದಗಳು ಇದರ ಸಂತಾನ. ಇಳಿಬಿದ್ದ ಹೊಟ್ಟೆಯವನು ಲಂಬೋದರ. ಯಾವುದನ್ನು ಹಿಡಿದು ತೂಗುತ್ತೇವೋ ಅದು ಅವಲಂಬನ. ಕೆಲಸ ಜೋತುಬಿದ್ದರೆ ವಿಲಂಬ, ಸಂಗೀತದಲ್ಲಿ ನಿಧಾನದ ಲಯ ವಿಲಂಬಿತ. ಭಾಷಣಕಾರರು ಮಾತನ್ನು ಎಳೆದರೆ ‘ಲಂಬಿಸಿದರು’ ಎನ್ನುತ್ತೇವೆ. ಈ ಯಾವ ಪದದಲ್ಲೂ 90 ಡಿಗ್ರಿಯ ಮಾತಿಲ್ಲ.

ಗಣಿತಕ್ಕೆ ಈ ಪದ ಬಂದಿದ್ದು ತೂಗುಗುಂಡಿನ ಮೂಲಕ. ಕ್ರಿ.ಶ. 499ರ ಕಾಲದ ಆರ್ಯಭಟೀಯದ ಗಣಿತಪಾದದಲ್ಲಿ, ನೆಲ ಸಮವಾಗಿದೆಯೇ ಎಂದು ನೀರಿನಿಂದಲೂ ಮೇಲು–ಕೆಳಗಿನ ನೇರವನ್ನು ಲಂಬಕದಿಂದಲೂ ಪರೀಕ್ಷಿಸಬೇಕೆಂದು ಹೇಳಿದೆ. ಇಲ್ಲಿನ ಲಂಬಕ ಎಂದರೆ ತೂಗುಗುಂಡೇ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಕನ್ನಡ ನಾಡಿನ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ತ್ರಿಭುಜದ ಎತ್ತರವನ್ನು ‘ಅವಲಂಬಕ’ ಎಂದು ಕರೆದರು. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಅದನ್ನೇ ‘ಲಂಬ’ ಎಂದರು. ಅದಕ್ಕೆ ಜೊತೆಯಾಗಿ ಬರುವ ಪದವನ್ನು ಗಮನಿಸಿ: ನಾವು ‘ಪಾದ’ ಎನ್ನುವ ಬಾಹುವನ್ನು ಅವರು ‘ಭೂಮಿ’ ಎಂದರು. ಭೂಮಿ ಕೆಳಗೆ, ಅದರ ಮೇಲಕ್ಕೆ ಎರಡು ಭುಜಗಳು, ತುದಿಯಿಂದ ಭೂಮಿಗೆ ಇಳಿಬಿಟ್ಟ ಲಂಬ. ಇಡೀ ಆಕೃತಿ ನೆಲದ ಮೇಲೆ ನಿಂತ ಮನೆಯಂತೆ ಕಾಣುತ್ತದೆ. ಪದಗಳು ಹುಟ್ಟಿದ ಸನ್ನಿವೇಶದಲ್ಲಿ ಭೂಮಿ ಯಾವಾಗಲೂ ಮಟ್ಟಸ. ಆದ್ದರಿಂದ ‘ತೂಗುವ ಗೆರೆ’ ಮತ್ತು ‘90 ಡಿಗ್ರಿಯ ಗೆರೆ’ ಎರಡೂ ಒಂದೇ.

ಹೀಗಾಗಿದ್ದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲಿಷಿನ ‘ಪರ್ಪೆಂಡಿಕ್ಯುಲರ್’ ಪದದ ಮೂಲ ಲ್ಯಾಟಿನ್ನಿನ ‘ಪರ್ಪೆಂಡಿಕ್ಯುಲಂ’, ಅಂದರೆ ತೂಗುಗುಂಡು. ಗ್ರೀಕ್ ರೇಖಾಗಣಿತದ ಪದಕ್ಕೂ ‘ಇಳಿಬಿಟ್ಟದ್ದು’ ಎಂದೇ ಅರ್ಥ. ಎಲ್ಲ ಕಡೆಯೂ ಪದ ಗುಂಡಿನಿಂದ ಹುಟ್ಟಿತು; ಆಮೇಲೆ ಗಣಿತಜ್ಞರು ಗುಂಡನ್ನು ಬಿಟ್ಟು ಕೋನವನ್ನು ಮಾತ್ರ ಉಳಿಸಿಕೊಂಡರು. ಭೂಮಿ ಓರೆಯಾದರೂ ಲಂಬವು ಅದಕ್ಕೆ 90 ಡಿಗ್ರಿಯಲ್ಲೇ ಇರಬೇಕು ಎಂದರು. ಪದ ಹಳೆಯದೇ ಉಳಿಯಿತು, ಅರ್ಥ ಬದಲಾಯಿತು. ನಮ್ಮ ಹುಡುಗಿ ಪದದ ಮೂಲ ಅರ್ಥದಲ್ಲಿ ನಿಂತಿದ್ದಳು, ಪಠ್ಯಪುಸ್ತಕ ಹೊಸ ಅರ್ಥದಲ್ಲಿತ್ತು. ನಡುವಿನ ದಾರಿಯನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ.

ಗಾರೆ ಕೆಲಸದವರ ಎರಡು ಸಾಮಾನು

ಈ ವ್ಯತ್ಯಾಸವನ್ನು ಅತ್ಯಂತ ಸ್ಪಷ್ಟವಾಗಿ ಬಲ್ಲವರು ಗಾರೆ ಕೆಲಸದವರು. ಅವರ ಚೀಲದಲ್ಲಿ ಗುಂಡು ಬೇರೆ, ಮೂಲೆಮಟ್ಟ ಬೇರೆ. ಗೋಡೆ ವಾಲಿದೆಯೇ ಎಂದು ನೋಡಲು ಗುಂಡು. ಎರಡು ಗೋಡೆಗಳ ಮೂಲೆ ಸರಿಯಾಗಿ ಕೂಡಿದೆಯೇ ಎಂದು ನೋಡಲು ಮೂಲೆಮಟ್ಟ. ಪಾಯ ಗುರುತು ಹಾಕುವಾಗ ನೆಲದ ಮೇಲೆ ದಾರ ಕಟ್ಟಿ, ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಓರೆಯಲ್ಲಿ 5 ಅಡಿ ಬರುತ್ತದೆಯೇ ಎಂದು ನೋಡುತ್ತಾರೆ. ಆಗ ಎರಡೂ ದಾರ ನೆಲದ ಮೇಲೆ ಮಲಗಿರುತ್ತವೆ. ಗುಂಡಿಗೆ ಅಲ್ಲಿ ಕೆಲಸವೇ ಇಲ್ಲ. ಆದರೂ ಒಂದು ದಾರ ಇನ್ನೊಂದಕ್ಕೆ ಲಂಬ.

ಗುಂಡು ಹೇಳುವುದು ಭೂಮಿಯ ಸೆಳೆತದ ದಿಕ್ಕನ್ನು. ಅದಕ್ಕೆ ಒಂದೇ ಗೆರೆ ಸಾಕು. ಇನ್ನೊಂದು ಗೆರೆಯ ಹಂಗಿಲ್ಲ. ಮೂಲೆಮಟ್ಟ ಹೇಳುವುದು ಎರಡು ಗೆರೆಗಳ ನಡುವಿನ ಸಂಬಂಧವನ್ನು. ಒಂಟಿ ಗೆರೆಯನ್ನು ತೋರಿಸಿ ‘ಇದು ಲಂಬವೇ?’ ಎಂದು ಕೇಳಿದರೆ ರೇಖಾಗಣಿತದಲ್ಲಿ ಆ ಪ್ರಶ್ನೆಗೆ ಅರ್ಥವಿಲ್ಲ, ‘ಯಾವುದಕ್ಕೆ ಲಂಬ?’ ಎಂದು ತಿರುಗಿ ಕೇಳಬೇಕು. ಪ್ರಶಿಕ್ಷಣಾರ್ಥಿಗಳು ನೆನಪಿಡಬೇಕಾದ ಮುಖ್ಯ ಅಂಶ ಇದು. ಪೀಠಿಕೆಯಲ್ಲಿ ಗುಂಡನ್ನು ತೋರಿಸಿ ವಿಕಸನದಲ್ಲಿ ಮೂಲೆಮಟ್ಟದ ಕೆಲಸ ಕೊಟ್ಟರೆ ಮಗು ಎಡವುವುದು ಸಹಜ.

ನಮ್ಮ ಜಿಲ್ಲೆಯ ಬಹಳಷ್ಟು ಮಕ್ಕಳ ಮನೆಮಾತು ತೆಲುಗು. ಮನೆಯಲ್ಲಿ ‘ನಿಲುವು’, ‘ಅಡ್ಡಂ’ ಎನ್ನುವ ಮಗುವಿಗೆ ಕನ್ನಡದ ‘ಅಡ್ಡ’ ಹೊಸದಲ್ಲ. ಆದರೆ ಈ ಎರಡೂ ದಿಕ್ಕಿನ ಪದಗಳು, ಸಂಬಂಧದ ಪದಗಳಲ್ಲ. ‘ಲಂಬ’ ಎನ್ನುವ ಗಣಿತದ ಪದವನ್ನು ಮಗು ತನಗೆ ಗೊತ್ತಿರುವ ‘ನಿಲುವು’ ಎಂಬ ಗೂಡಿನಲ್ಲೇ ಇಡುತ್ತದೆ. ಇದು ಮಗುವಿನ ಕೊರತೆಯಲ್ಲ. ನಾವು ಹೊಸ ಗೂಡು ಮಾಡಿಕೊಟ್ಟಿಲ್ಲ, ಅಷ್ಟೇ.

ವಿಷಯದಿಂದ ವಿಷಯಕ್ಕೆ

ವಿಜ್ಞಾನದಲ್ಲಿ ಒಂದೇ ಪಠ್ಯದೊಳಗೆ ಎರಡೂ ಅರ್ಥಗಳಿವೆ. ಚಲನೆಯ ಪಾಠದಲ್ಲಿ ‘ಕಲ್ಲನ್ನು ಲಂಬವಾಗಿ ಮೇಲಕ್ಕೆ ಎಸೆಯಲಾಗಿದೆ’ ಎಂದರೆ ಅದು ಗುಂಡಿನ ದಿಕ್ಕು. ಬೆಳಕಿನ ಪಾಠದಲ್ಲಿ ‘ಪತನ ಬಿಂದುವಿನಲ್ಲಿ ದರ್ಪಣಕ್ಕೆ ಎಳೆದ ಲಂಬ’ ಎಂದರೆ ಅದು ಮೂಲೆಮಟ್ಟದ ದಿಕ್ಕು. ಕನ್ನಡಿ ಗೋಡೆಗೆ ತೂಗುಹಾಕಿದ್ದರೆ ಈ ಲಂಬ ಅಡ್ಡಲಾಗಿರುತ್ತದೆ, ನಮ್ಮ ಕಡೆಗೆ ಚಾಚಿರುತ್ತದೆ. ಗೋಳೀಯ ದರ್ಪಣದಲ್ಲಿ ಪ್ರತಿ ಬಿಂದುವಿಗೂ ಬೇರೆ ಬೇರೆ ಲಂಬ, ಎಲ್ಲವೂ ವಕ್ರತಾ ಕೇಂದ್ರದ ಮೂಲಕ ಹಾದುಹೋಗುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ‘ನಾರ್ಮಲ್’ ಎಂಬ ಪ್ರತ್ಯೇಕ ಪದವಿದೆ; ಅದರ ಮೂಲ ಲ್ಯಾಟಿನ್ನಿನ ‘ನಾರ್ಮ’, ಅಂದರೆ ಬಡಗಿಯ ಮೂಲೆಮಟ್ಟ. ಹಿಂದಿ ಪಠ್ಯಗಳಲ್ಲಿ ‘ಅಭಿಲಂಬ’ ಎನ್ನುತ್ತಾರೆ. ನಾವು ಗುಂಡಿಗೂ ಮೂಲೆಮಟ್ಟಕ್ಕೂ ‘ಲಂಬ’ವೆಂಬ ಒಂದೇ ಪದವನ್ನು ಬಳಸುತ್ತಿದ್ದೇವೆ.

ಇಳಿಜಾರಿನ ಲೆಕ್ಕದಲ್ಲಿ ಎರಡು ಅರ್ಥಗಳೂ ಒಂದೇ ಚಿತ್ರದಲ್ಲಿ ಎದುರುಬದುರಾಗುತ್ತವೆ. ನಂದಿ ಬೆಟ್ಟದ ರಸ್ತೆಯಲ್ಲಿ ಒಂದು ಬಸ್ಸು ನಿಂತಿದೆ ಎನ್ನಿ. ಅದರ ತೂಕ ಗುಂಡಿನ ದಿಕ್ಕಿನಲ್ಲಿ ಕೆಳಕ್ಕೆ ಎಳೆಯುತ್ತದೆ. ರಸ್ತೆಯ ಮೇಲ್ಮೈ ಅದನ್ನು ತಳ್ಳುವುದು ರಸ್ತೆಗೆ 90 ಡಿಗ್ರಿಯ ದಿಕ್ಕಿನಲ್ಲಿ. ಎರಡನ್ನೂ ‘ಲಂಬ’ ಎಂದು ಕರೆದರೆ ಮಗು ಎರಡು ಬಾಣಗಳನ್ನೂ ಒಂದೇ ಗೆರೆಯಲ್ಲಿ ಬರೆಯುತ್ತದೆ. ಹಾಗೆ ಬರೆದರೆ ಬಸ್ಸು ಹ್ಯಾಂಡ್‌ಬ್ರೇಕ್ ಇಲ್ಲದಿದ್ದರೂ ಜಾರುವುದಿಲ್ಲ ಎಂದಾಗುತ್ತದೆ!

ಭೂಗೋಳದಲ್ಲಿ ‘ಸೂರ್ಯನ ಕಿರಣಗಳು ಲಂಬವಾಗಿ ಬೀಳುತ್ತವೆ’ ಎನ್ನುತ್ತೇವೆ. ಚಿಕ್ಕಬಳ್ಳಾಪುರದ ಅಕ್ಷಾಂಶ ಸುಮಾರು 13.4 ಡಿಗ್ರಿ ಉತ್ತರ. ಹಾಗಾಗಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 25ರ ಆಸುಪಾಸು ಮತ್ತು ಆಗಸ್ಟ್ 17ರ ಆಸುಪಾಸು, ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಕ್ಷಣ ನೆರಳಿಲ್ಲ. ಆದರೆ ಇಳಿಜಾರಿನ ಮೇಲೆ, ಇಳಿಜಾರಿಗೆ 90 ಡಿಗ್ರಿಯಾಗಿ ನೆಟ್ಟ ಕೋಲಿಗೆ ನೆರಳಿರುತ್ತದೆ. ಶಾಲೆಯ ಹತ್ತಿರ ದಿಬ್ಬವಿದ್ದರೆ ಎರಡು ಕೋಲು ನೆಟ್ಟು ತೋರಿಸಿ. ವ್ಯತ್ಯಾಸ ಬೇರೆ ವಿವರಣೆ ಇಲ್ಲದೆ ತಿಳಿಯುತ್ತದೆ. ಹಳೆಯ ಖಗೋಳ ಗ್ರಂಥಗಳಲ್ಲಿ ‘ಲಂಬ’ಕ್ಕೆ ಇನ್ನೊಂದು ಅರ್ಥವೂ ಇತ್ತು: 90ರಿಂದ ಅಕ್ಷಾಂಶವನ್ನು ಕಳೆದರೆ ಉಳಿಯುವ ಕೋನ. ಆ ಪ್ರಕಾರ ಚಿಕ್ಕಬಳ್ಳಾಪುರದ ಲಂಬ ಸುಮಾರು 76.6 ಡಿಗ್ರಿ.

ಗುಂಡಿನ ದಿಕ್ಕು ಕೂಡ ಎಲ್ಲ ಊರಿಗೂ ಒಂದೇ ಅಲ್ಲ. ಗುಂಡು ಎಲ್ಲಿದ್ದರೂ ಹೆಚ್ಚುಕಡಿಮೆ ಭೂಮಿಯ ಕೇಂದ್ರದ ಕಡೆಗೆ ತೂಗುತ್ತದೆ. ಗೌರಿಬಿದನೂರಿಗೂ ಚಿಂತಾಮಣಿಗೂ ನೇರ ದೂರ ಸುಮಾರು 60 ಕಿ.ಮೀ. ಭೂಮಿಯ ಮೇಲೆ ಸುಮಾರು 111 ಕಿ.ಮೀ.ಗೆ ಒಂದು ಡಿಗ್ರಿ. ಆದ್ದರಿಂದ ಎರಡು ಊರಿನ ಗುಂಡುಗಳ ನಡುವೆ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸವಿದೆ. ಎರಡೂ ‘ನೆಟ್ಟಗೆ’ ಇವೆ, ಆದರೆ ಸಮಾಂತರವಾಗಿಲ್ಲ. ಪ್ರತಿಯೊಂದೂ ತನ್ನೂರಿನ ಕೆರೆಯ ನಿಂತ ನೀರಿಗೆ ಲಂಬ. ಅಲ್ಲಿಗೆ ಗುಂಡಿನ ‘ಲಂಬ’ದೊಳಗೂ ‘ಯಾವುದಕ್ಕೆ’ ಎಂಬ ಪ್ರಶ್ನೆ ಅಡಗಿದೆ ಎಂದಾಯಿತು.

ಭೂಮಾಪನದಲ್ಲಿ ಲಂಬಕ್ಕೆ ಹಣದ ಬೆಲೆ ಇದೆ. ಸಾಂಪ್ರದಾಯಿಕ ಅಳತೆಯಲ್ಲಿ 33 ಅಡಿಯ ಸರಪಳಿ. 33 ಅಡಿ ಉದ್ದ, 33 ಅಡಿ ಅಗಲದ ಜಾಗ, ಅಂದರೆ 1089 ಚದರ ಅಡಿ, ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಜಮೀನಿನ ಉದ್ದಕ್ಕೆ ಒಂದು ಆಧಾರ ರೇಖೆ ಹಾಕಿ, ಅದರಿಂದ ಪ್ರತಿ ಮೂಲೆಗೂ ಲಂಬ ದೂರ ಅಳೆದು, ತ್ರಿಭುಜ ಮತ್ತು ತ್ರಾಪಿಜ್ಯಗಳಾಗಿ ಒಡೆದು ವಿಸ್ತೀರ್ಣ ಕಟ್ಟುತ್ತಾರೆ. ಈ ದೂರಗಳನ್ನು ಆಫ್‌ಸೆಟ್ ಎನ್ನುತ್ತಾರೆ. ಆಧಾರ ರೇಖೆ ಹೊಲದ ಆಕಾರಕ್ಕೆ ತಕ್ಕಂತೆ ಯಾವ ದಿಕ್ಕಿಗಾದರೂ ಇರಬಹುದು. ಲಂಬವೂ ಅದಕ್ಕೆ ತಕ್ಕಂತೆ ತಿರುಗುತ್ತದೆ. ಒಂದು ಬಿಂದುವಿನಿಂದ ರೇಖೆಗೆ ಇರುವ ದೂರಗಳಲ್ಲಿ ಲಂಬವೇ ಅತಿ ಚಿಕ್ಕದು. ಓರೆಯಾಗಿ ಅಳೆದರೆ ಯಾವಾಗಲೂ ಹೆಚ್ಚೇ ಬರುತ್ತದೆ. ಹದ್ದುಬಸ್ತಿನ ತಕರಾರು ಕಂಡ ಮನೆಯ ಮಕ್ಕಳಿಗೆ ‘ಲಂಬವೇ ಕನಿಷ್ಠ ದೂರ’ ಎಂಬ ಪ್ರಮೇಯವನ್ನು ಹೊಲದಿಂದಲೇ ಆರಂಭಿಸಬಹುದು.

ನೇಯ್ಗೆಯಲ್ಲೂ ಇದೇ ಮಾತು. ಶಿಡ್ಲಘಟ್ಟದ ರೇಷ್ಮೆ ನೂಲು ಮಗ್ಗಕ್ಕೆ ಹೋದಾಗ ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಕೈಮಗ್ಗದಲ್ಲಿ ಎರಡೂ ಮಟ್ಟಸವಾಗಿ ಮಲಗಿವೆ, ಯಾವುದೂ ‘ನಿಂತಿಲ್ಲ’. ಆದರೆ ಪ್ರತಿ ಎಳೆಯೂ ಇನ್ನೊಂದಕ್ಕೆ ಲಂಬ.

ಗೌರಿಬಿದನೂರಿನ ಪಾಠ

ನೆಲದ ಮೇಲೆ ಮಲಗಿರುವ ಲಂಬಕ್ಕೆ ನಮ್ಮ ಜಿಲ್ಲೆಯಲ್ಲೇ ಎರಡು ದೊಡ್ಡ ಉದಾಹರಣೆಗಳಿವೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ 1976ರ ಹೊತ್ತಿಗೆ ಗೌರಿಬಿದನೂರಿನ ಬಳಿ ಕಟ್ಟಿದ ರೇಡಿಯೊ ದೂರದರ್ಶಕ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿದೆ. 34.5 ಮೆಗಾಹರ್ಟ್ಸ್ ಆವರ್ತನದ ಅಲೆಗಳನ್ನು ಹಿಡಿಯುವ ಸಾವಿರ ಡೈಪೋಲ್ ಆಂಟೆನಾಗಳು ಅದರಲ್ಲಿದ್ದವು. ಪೂರ್ವ–ಪಶ್ಚಿಮದ ತೋಳು ಸುಮಾರು 1.4 ಕಿ.ಮೀ., ದಕ್ಷಿಣದ ತೋಳು ಅರ್ಧ ಕಿ.ಮೀ.ಗೆ ಸ್ವಲ್ಪ ಕಡಿಮೆ. ಎರಡೂ ತೋಳು ನೆಲದುದ್ದಕ್ಕೂ ಚಾಚಿವೆ, ಆದರೆ ಒಂದು ಇನ್ನೊಂದಕ್ಕೆ ಲಂಬ.

ಇನ್ನೊಂದು, ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಜಾಲ. 1965ರಲ್ಲಿ ಆರಂಭವಾದ ಇದು ‘ಎಲ್’ ಆಕಾರದ್ದು. ಸುಮಾರು 22 ಕಿ.ಮೀ. ಉದ್ದದ ಎರಡು ತೋಳುಗಳಲ್ಲಿ 20 ಮಾಪಕಗಳಿವೆ. ದೂರದ ಭೂಕಂಪಗಳನ್ನೂ ಭೂಗತ ಅಣು ಸ್ಫೋಟಗಳನ್ನೂ ಗುರುತಿಸುವುದು ಇದರ ಕೆಲಸ. ತೋಳುಗಳು ಪರಸ್ಪರ ಲಂಬ ಎಂದರೆ ಮೂಲೆಮಟ್ಟದ ಅರ್ಥ. ಆದರೆ ಅಲ್ಲಿನ ಮಾಪಕಗಳು ದಾಖಲಿಸುವುದು ನೆಲದ ‘ಲಂಬ’ ಚಲನೆಯನ್ನು, ಅಂದರೆ ಮೇಲೆ–ಕೆಳಗಿನ ಅಲುಗಾಟವನ್ನು. ಇದು ಗುಂಡಿನ ಅರ್ಥ. ಒಂದೇ ಸ್ಥಾವರದ ವಿವರಣೆಯಲ್ಲಿ ಎರಡು ಅರ್ಥಗಳು ಅಕ್ಕಪಕ್ಕದಲ್ಲಿವೆ.

ತೋಳುಗಳು ಏಕೆ ಲಂಬವಾಗಿರಬೇಕು? ಪೂರ್ವ–ಪಶ್ಚಿಮದ ತೋಳು ಅಲೆಯೊಂದು ಪೂರ್ವ–ಪಶ್ಚಿಮವಾಗಿ ಎಲ್ಲಿಂದ ಬಂತು ಎಂಬುದನ್ನು ಚೆನ್ನಾಗಿ ಹೇಳುತ್ತದೆ, ಉತ್ತರ–ದಕ್ಷಿಣದ ಬಗ್ಗೆ ಏನನ್ನೂ ಹೇಳಲಾರದು. ದಕ್ಷಿಣದ ತೋಳು ಆ ಕೊರತೆಯನ್ನು ತುಂಬುತ್ತದೆ. ಎರಡನೆಯ ತೋಳು ಮೊದಲನೆಯದರ ಪಕ್ಕಕ್ಕೇ ಓರೆಯಾಗಿ ಇದ್ದಿದ್ದರೆ ಅದು ಹೇಳುವುದರಲ್ಲಿ ಬಹುಪಾಲು ಮೊದಲನೆಯದು ಹೇಳಿದ್ದೇ ಆಗಿರುತ್ತಿತ್ತು. ಲಂಬ ಎಂದರೆ ಇಲ್ಲಿ ‘ಒಂದು ಹೇಳಿದ್ದನ್ನು ಇನ್ನೊಂದು ಪುನರಾವರ್ತಿಸುವುದಿಲ್ಲ’ ಎಂದರ್ಥ.

ಶಿಕ್ಷಣದ ಸಂಖ್ಯಾಶಾಸ್ತ್ರಕ್ಕೆ ದಾರಿ ಇಲ್ಲಿಂದಲೇ. ಎರಡು ಪರೀಕ್ಷೆಗಳ ಅಂಕಗಳನ್ನು, ತಮ್ಮ ತಮ್ಮ ಸರಾಸರಿಯಿಂದ ವಿಚಲನೆಗಳಾಗಿ ಬರೆದು ಎರಡು ಬಾಣಗಳೆಂದು ಭಾವಿಸಿದರೆ, ಅವುಗಳ ಸಹಸಂಬಂಧ ಗುಣಾಂಕವು ಆ ಬಾಣಗಳ ನಡುವಿನ ಕೋನದ ಕೊಸೈನ್ ಆಗಿರುತ್ತದೆ. 90 ಡಿಗ್ರಿಯ ಕೊಸೈನ್ ಸೊನ್ನೆ. ಹಾಗಾಗಿ ಸಹಸಂಬಂಧ ಸೊನ್ನೆಯಾದ ಎರಡು ಚರಾಂಶಗಳನ್ನು ‘ಪರಸ್ಪರ ಲಂಬ’ ಎನ್ನುತ್ತಾರೆ. ಗಿಲ್ಫರ್ಡ್ ತನ್ನ ಬುದ್ಧಿರಚನೆಯ ಮಾದರಿಯನ್ನು ಘನಾಕೃತಿಯ ಪೆಟ್ಟಿಗೆಯಾಗಿ ಬರೆದದ್ದನ್ನು ನಾವು ಮನೋವಿಜ್ಞಾನದಲ್ಲಿ ಓದುತ್ತೇವೆ. 5 ಕ್ರಿಯೆ, 4 ವಿಷಯ, 6 ಫಲಿತ, ಒಟ್ಟು 120 ಕೋಶಗಳು. ಮೂರು ಅಂಚುಗಳನ್ನು ಪರಸ್ಪರ ಲಂಬವಾಗಿ ಬರೆದಿರುವುದು ಅಲಂಕಾರಕ್ಕಲ್ಲ. ಒಂದು ಅಂಚಿನ ಮೇಲಿನ ಸ್ಥಾನ ಇನ್ನೊಂದರ ಮೇಲಿನ ಸ್ಥಾನವನ್ನು ನಿರ್ಧರಿಸುವುದಿಲ್ಲ ಎಂದು ತಿಳಿಸಲು.

ಸಮಾಜ ವಿಜ್ಞಾನದ ಲಂಬ

ಶಿಕ್ಷಣದ ಸಮಾಜಶಾಸ್ತ್ರದಲ್ಲಿ ಲಂಬ ಚಲನೆ ಮತ್ತು ಸಮತಲ ಚಲನೆ ಎಂಬ ಪದಗಳಿವೆ. ಶಿಡ್ಲಘಟ್ಟದ ಶಿಕ್ಷಕರೊಬ್ಬರು ಅದೇ ಹುದ್ದೆಯಲ್ಲಿ ಚಿಂತಾಮಣಿಗೆ ವರ್ಗವಾದರೆ ಸಮತಲ. ಮುಖ್ಯ ಶಿಕ್ಷಕರಾಗಿ ಬಡ್ತಿ ಪಡೆದರೆ ಲಂಬ. ಇಲ್ಲಿರುವುದು ಮೇಲು–ಕೆಳಗಿನ ರೂಪಕ, ಪೂರ್ತಿಯಾಗಿ ಗುಂಡಿನ ಅರ್ಥ.

ಮೀಸಲಾತಿಯ ಪದಗಳು ಇನ್ನೂ ಕುತೂಹಲಕರ. ನೇಮಕಾತಿ ಅಧಿಸೂಚನೆ ಓದುವ ಪ್ರತಿ ಪ್ರಶಿಕ್ಷಣಾರ್ಥಿಗೂ ಇವು ಬೇಕು. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳ ಮೀಸಲಾತಿಯನ್ನು ಲಂಬ ಮೀಸಲಾತಿ ಎಂದೂ, ಅಂಗವಿಕಲರಿಗೆ ನೀಡುವಂಥದ್ದನ್ನು ಸಮತಲ ಮೀಸಲಾತಿ ಎಂದೂ ವಿಂಗಡಿಸಿತು. ನಮ್ಮ ರಾಜ್ಯದಲ್ಲಿ ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ ಮುಂತಾದವು ಸಮತಲದ ಸಾಲಿನವು. ಇಲ್ಲಿ ‘ಲಂಬ’ ಮೇಲಿನದು, ‘ಸಮತಲ’ ಕೆಳಗಿನದು ಎಂದಲ್ಲ. ಒಂದು ಕೋಷ್ಟಕವನ್ನು ನೆನೆಯಿರಿ: ವರ್ಗಗಳು ಕಂಬಸಾಲುಗಳು, ಮಹಿಳೆ ಅಥವಾ ಗ್ರಾಮೀಣ ಎಂಬುದು ಎಲ್ಲ ಕಂಬಸಾಲುಗಳನ್ನೂ ಅಡ್ಡಹಾಯುವ ಸಾಲು. ಅಡ್ಡಸಾಲಿನಲ್ಲಿ ಆಯ್ಕೆಯಾದ ಮಹಿಳೆಯನ್ನು ಆಕೆಯ ವರ್ಗದ ಕಂಬಸಾಲಿನಲ್ಲೇ ಎಣಿಸುತ್ತಾರೆ. ಹೆಸರು ಗುಂಡಿನಿಂದ ಬಂದರೂ ಕೆಲಸ ಮಾಡುವುದು ಮೂಲೆಮಟ್ಟದ ಅರ್ಥ, ‘ಅಡ್ಡಹಾಯುವುದು’.

ತಪ್ಪು ಎರಡು ಕಡೆಯಿಂದಲೂ ಬರುತ್ತದೆ

ಪಿಯಾಜೆ ಮತ್ತು ಇನ್ಹೆಲ್ಡರ್ ಮಕ್ಕಳ ಅವಕಾಶ ಪರಿಕಲ್ಪನೆಯ ಬಗ್ಗೆ 1948ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಪ್ರಸಿದ್ಧ ವಿವರವಿದೆ. ಬೆಟ್ಟದ ಇಳಿಜಾರಿನ ಮೇಲೆ ಮರ ಬರೆಯಲು ಹೇಳಿದರೆ ಚಿಕ್ಕ ಮಕ್ಕಳು ಮರವನ್ನು ಇಳಿಜಾರಿಗೆ 90 ಡಿಗ್ರಿಯಾಗಿ, ಅಂದರೆ ವಾಲಿದಂತೆ ಬರೆಯುತ್ತಾರೆ. ನಿಮ್ಮ ಶಾಲೆಯ 2ನೇ ತರಗತಿಯಲ್ಲಿ ನಂದಿ ಬೆಟ್ಟ ಬರೆಯಲು ಹೇಳಿ ನೋಡಿ. ಒಂದಷ್ಟು ಮರಗಳು ಖಂಡಿತ ಹಾಗಿರುತ್ತವೆ. ಅಲ್ಲಿ ಮಗು ಗುಂಡಿನ ದಿಕ್ಕು ಬೇಕಾದ ಕಡೆ ಮೂಲೆಮಟ್ಟ ಬಳಸಿತು. 7ನೇ ತರಗತಿಯ ನಮ್ಮ ಹುಡುಗಿ ಮೂಲೆಮಟ್ಟ ಬೇಕಾದ ಕಡೆ ಗುಂಡು ಬಳಸಿದಳು. ಎರಡು ತಪ್ಪೂ ಒಂದೇ ಗೊಂದಲದ ಎರಡು ಮುಖ. ಮಗುವಿಗೆ ಎರಡೂ ಸಾಮರ್ಥ್ಯಗಳಿವೆ. ಯಾವಾಗ ಯಾವುದು ಎಂಬುದು ಮಾತ್ರ ಗೊತ್ತಿಲ್ಲ.

ಇದಕ್ಕೆ ಕಪ್ಪುಹಲಗೆಯೂ ಕಾರಣ. ಹಲಗೆ ಗೋಡೆಯ ಮೇಲಿದೆ. ಅಲ್ಲಿ ಮೇಲಿಂದ ಕೆಳಕ್ಕೆ ಎಳೆದ ಗೆರೆ ನಿಜವಾಗಿಯೂ ನೆಟ್ಟಗಿರುತ್ತದೆ. ಮಗುವಿನ ನೋಟ್‌ಬುಕ್ ಡೆಸ್ಕಿನ ಮೇಲೆ ಮಲಗಿದೆ. ಅಲ್ಲಿ ‘ಮೇಲಿಂದ ಕೆಳಕ್ಕೆ’ ಎಂದರೆ ಆಚೆಯಿಂದ ಈಚೆಗೆ, ಅಷ್ಟೇ. ಪುಟದಲ್ಲಿ ಯಾವ ಗೆರೆಯೂ ನೆಟ್ಟಗಿಲ್ಲ. ಪಠ್ಯಪುಸ್ತಕಗಳೂ ನಾವೂ ತ್ರಿಭುಜದ ಪಾದವನ್ನು ಸದಾ ಪುಟದ ಅಂಚಿಗೆ ಸಮಾಂತರವಾಗಿ ಬರೆಯುವುದರಿಂದ ‘ಲಂಬ ಎಂದರೆ ಪುಟದ ಉದ್ದಕ್ಕೆ’ ಎಂಬ ನಿಯಮವನ್ನು ಮಗು ತಾನೇ ಮಾಡಿಕೊಳ್ಳುತ್ತದೆ.

ಪಾಠದಲ್ಲಿ ಮಾಡಬಹುದಾದದ್ದು

ಗುಂಡನ್ನು ಬಿಡಬೇಕಾಗಿಲ್ಲ. ಗುಂಡಿನಿಂದ ಮೂಲೆಮಟ್ಟಕ್ಕೆ ಸೇತುವೆ ಕಟ್ಟಬೇಕು. ನಾವು ಪ್ರಯತ್ನಿಸಿದ ಒಂದು ಚಟುವಟಿಕೆ ಇದು.

1. ರಟ್ಟಿನಲ್ಲಿ 13, 14, 15 ಸೆಂ.ಮೀ. ಬಾಹುಗಳ ತ್ರಿಭುಜ ಕತ್ತರಿಸಿ. ಇದು ಲೀಲಾವತಿಯಲ್ಲೂ ಬರುವ ಅಳತೆ. 14ರ ಬಾಹುವನ್ನು ಮೇಜಿನ ಮೇಲೆ ಊರಿ ರಟ್ಟನ್ನು ನೆಟ್ಟಗೆ ಹಿಡಿದು, ಮೇಲಿನ ಶೃಂಗಕ್ಕೆ ಚುಚ್ಚಿದ ಗುಂಡುಪಿನ್ನಿನಿಂದ ದಾರ ಮತ್ತು ನಟ್ಟು ಇಳಿಬಿಡಿ. ದಾರದ ಗುಂಟ ಗೆರೆ ಎಳೆದು ಅಳೆಸಿ: 12 ಸೆಂ.ಮೀ. ಪಾದ 5 ಮತ್ತು 9 ಆಗಿ ಒಡೆಯುತ್ತದೆ.

2. ರಟ್ಟನ್ನು ತಿರುಗಿಸಿ 15ರ ಬಾಹುವನ್ನು ಮೇಜಿಗೆ ಊರಿ. ದಾರ ಈಗ ಹೊಸ ಗೆರೆ ತೋರಿಸುತ್ತದೆ: 11.2 ಸೆಂ.ಮೀ. ಮತ್ತೆ 13ರ ಬಾಹು ಊರಿದರೆ ಸುಮಾರು 12.9. ಮೂರರಲ್ಲೂ ವಿಸ್ತೀರ್ಣ 84 ಚದರ ಸೆಂ.ಮೀ. ಮೂರು ಗೆರೆಗಳೂ ಒಂದೇ ಬಿಂದುವಿನಲ್ಲಿ ಸೇರುತ್ತವೆ, ಅದೇ ಲಂಬಕೇಂದ್ರ.

3. ಈಗ ರಟ್ಟನ್ನು ಡೆಸ್ಕಿನ ಮೇಲೆ ಮಲಗಿಸಿ. “ಗೆರೆಗಳು ಈಗಲೂ ಲಂಬವೇ? ಗುಂಡು ಇದನ್ನು ಹೇಳಬಲ್ಲದೇ?” ಎಂದು ಕೇಳಿ. ಮೂಲೆಮಟ್ಟ ಇಟ್ಟು ಪರೀಕ್ಷಿಸಲು ಬಿಡಿ. ಮೂರೂ ಗೆರೆಗಳು ತಮ್ಮ ತಮ್ಮ ಬಾಹುವಿಗೆ 90 ಡಿಗ್ರಿಯಲ್ಲಿವೆ. ಗುಂಡು ಹೋದರೂ ಕೋನ ಉಳಿಯಿತು. ಗಣಿತದ ಇತಿಹಾಸದಲ್ಲಿ ಪದದ ಅರ್ಥ ಬದಲಾದದ್ದೂ ಹೀಗೆಯೇ.

4. ಕೊನೆಯಲ್ಲಿ 4, 13, 15 ಸೆಂ.ಮೀ. ಬಾಹುಗಳ ತ್ರಿಭುಜ ಕೊಡಿ. 4ರ ಬಾಹುವನ್ನು ಊರಿದರೆ ದಾರ ತ್ರಿಭುಜದ ಹೊರಗೆ ಬೀಳುತ್ತದೆ, ಉದ್ದ ಮತ್ತೆ 12. ಲಂಬದ ಪಾದಬಿಂದು ಬಾಹುವಿನಾಚೆ 5 ಸೆಂ.ಮೀ. ದೂರದಲ್ಲಿ, ಮೇಜಿನ ಮೇಲಿದೆ. ಬಾಹುವನ್ನು ಏಕೆ ವೃದ್ಧಿಸಬೇಕು ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಮೊದಲ ತ್ರಿಭುಜದಲ್ಲಿ 9 ಮತ್ತು 5 ಕೂಡಿ 14 ಆಗಿತ್ತು, ಇಲ್ಲಿ 9ರಲ್ಲಿ 5 ಕಳೆದು 4 ಆಗಿದೆ. ಚುರುಕಾದ ಮಕ್ಕಳು ಇದನ್ನು ತಾವೇ ಕಂಡುಹಿಡಿಯುತ್ತಾರೆ.

ಇದರ ಜೊತೆಗೆ ಮೂರು ಅಭ್ಯಾಸಗಳನ್ನು ಪ್ರಶಿಕ್ಷಣಾರ್ಥಿಗಳು ರೂಢಿಸಿಕೊಂಡರೆ ಒಳ್ಳೆಯದು. ‘ಲಂಬ’ ಎಂದಾಗಲೆಲ್ಲ ‘ಯಾವುದಕ್ಕೆ’ ಎಂಬುದನ್ನು ಸೇರಿಸಿ ಹೇಳುವುದು. ಮೇಲು–ಕೆಳಗಿನ ದಿಕ್ಕನ್ನು ಹೇಳಬೇಕಾದಾಗ ‘ನೆಟ್ಟಗೆ’ ಅಥವಾ ‘ಗುಂಡಿನ ದಿಕ್ಕಿನಲ್ಲಿ’ ಎನ್ನುವುದು; ಪಠ್ಯದಲ್ಲಿ ‘ಲಂಬವಾಗಿ’ ಎಂದಿದ್ದರೆ ಅದನ್ನು ಓದಿ, ಅರ್ಥ ಬಿಡಿಸುವುದು. ಹಲಗೆಯ ಮೇಲೆ ಮೊದಲ ಉದಾಹರಣೆಯಲ್ಲಿ ಅಲ್ಲದಿದ್ದರೂ ಎರಡನೆಯದರಲ್ಲಾದರೂ ಪಾದವನ್ನು ಓರೆಯಾಗಿ ಬರೆಯುವುದು.

ಪಾಠಯೋಜನೆಯಲ್ಲಿ ‘ಪಾರಿಭಾಷಿಕ ಪದಗಳು’ ಎಂಬ ಅಂಕಣವನ್ನು ನಾವು ತುಂಬಿಸುತ್ತೇವೆ. ಅದರ ಪಕ್ಕದಲ್ಲಿ ‘ಇದೇ ಪದ ಬೇರೆಡೆ’ ಎಂಬ ಇನ್ನೊಂದು ಅಂಕಣ ಸೇರಿಸಬೇಕೆಂದು ಸಹೋದ್ಯೋಗಿಗಳಲ್ಲಿ ನನ್ನ ಸಲಹೆ. ವರ್ಗ, ಘನ, ಪಾದ, ಕರ್ಣ, ಕೇಂದ್ರ, ಅಕ್ಷ ಇವೂ ಇದೇ ಜಾತಿಯವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಲೆಗಳಿಗೆ ಹೋಗುವ ನಾಲ್ಕು ತಂಡಗಳು ಒಂದೊಂದು ಪದವನ್ನು ಆರಿಸಿಕೊಂಡು, ಮಕ್ಕಳು ಅದಕ್ಕೆ ಯಾವ ಅರ್ಥ ಕೊಡುತ್ತಾರೆ ಎಂದು ಬರೆದು ತಂದರೆ ಮುಂದಿನ ಸಂಚಿಕೆಗೆ ಒಳ್ಳೆಯ ಸಾಮಗ್ರಿಯಾಗುತ್ತದೆ.

ಮತ್ತೆ ಅದೇ ತರಗತಿ

ಮಾರನೆಯ ವಾರ ಆ ಪ್ರಶಿಕ್ಷಣಾರ್ಥಿ ಮೇಲಿನ ಚಟುವಟಿಕೆಯೊಂದಿಗೆ ಅದೇ ಪಾಠವನ್ನು ಮತ್ತೆ ಮಾಡಿದರು. ಆರಂಭದಲ್ಲೇ, “ಹೋದ ವಾರ ನಾನು ಅರ್ಧ ಅರ್ಥ ಹೇಳಿಕೊಟ್ಟಿದ್ದೆ. ಇವಳು ಕೇಳಿದ ಪ್ರಶ್ನೆ ಸರಿಯಾಗಿತ್ತು” ಎಂದು ತರಗತಿಗೆ ಹೇಳಿದರು. ಇದನ್ನು ಹೇಳಿ ಎಂದು ನಾನು ಹೇಳಿಕೊಟ್ಟಿರಲಿಲ್ಲ. ದಾರ ಹಿಡಿಯಲು ಅವಳನ್ನೇ ಕರೆದರು. 15ರ ಬಾಹು ಊರಿ ಗೆರೆ ಎಳೆದು, ರಟ್ಟನ್ನು ಮಲಗಿಸಿದ ಮೇಲೆ ಅವಳು ಸ್ವಲ್ಪ ಹೊತ್ತು ನೋಡಿ, “ಹಂಗಾದ್ರೆ ಗುಂಡು ಭೂಮಿಗೆ ಲಂಬ, ಇದು ಈ ಗೆರೆಗೆ ಲಂಬ” ಎಂದಳು. ನಾನು ಹಿಂದಿನ ವಾರದ ಷರಾವನ್ನು ಹೊಡೆದುಹಾಕಿ, ಅವಳ ಈ ವಾಕ್ಯವನ್ನೇ ವೀಕ್ಷಣಾ ಪುಸ್ತಕದಲ್ಲಿ ಬರೆದು ಸಹಿ ಮಾಡಿದೆ.